ಸತ್ಯಾಂಶ: ಹೆಪಟೈಟಿಸ್ ಬಿ ಲಸಿಕೆಯಿಂದ ನರರೋಗ ಬರುತ್ತದೆಯೇ?

‘ಹದಿಹರೆಯದ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಡಿ, ನರರೋಗ ಬರುತ್ತದೆ, ಫ್ರಾನ್ಸ್ ದೇಶವೇ ಅದನ್ನು ನಿಲ್ಲಿಸಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹೆಪಟೈಟಿಸ್ ಬಿ ಎಂದರೆ ವೈರಾಣುವಿನಿಂದ ಬರುವ, ಕಾಮಾಲೆಗೂ ಕಾರಣವಾಗುವ ಯಕೃತ್ತಿನ ಸೋಂಕು. ಸಂದೇಶದಲ್ಲಿ ಒಂದು ಎಳೆ ನಿಜವಿದೆ, ಜನ ನಂಬುವುದೂ ಅದಕ್ಕೇ.

1998ರಲ್ಲಿ ಫ್ರಾನ್ಸ್ ಶಾಲೆಗಳಲ್ಲಿ ಈ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದು ಹೌದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಶಂಕೆ ಆಗ ಎದ್ದಿತ್ತು. ಆದರೆ ಲಸಿಕೆಯನ್ನು ನಿಷೇಧಿಸಿರಲಿಲ್ಲ. ಶಿಶುಗಳಿಗೆ ಶಿಫಾರಸು ಮುಂದುವರಿದಿತ್ತು. ನಂತರ ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ ಪುರಾವೆಗಳನ್ನೆಲ್ಲ ಪರಿಶೀಲಿಸಿ, ಲಸಿಕೆಗೂ ಆ ರೋಗಕ್ಕೂ ನಂಟು ಸಾಬೀತಾಗಿಲ್ಲ ಎಂದಿತು. ಅದೇ ಫ್ರಾನ್ಸ್ 2018ರಿಂದ ಹುಟ್ಟುವ ಮಕ್ಕಳಿಗೆಲ್ಲ ಇದನ್ನು ಕಡ್ಡಾಯ ಮಾಡಿದೆ. ಸಂದೇಶ ಬರೆದವರು ಈ ಭಾಗವನ್ನು ಬಿಟ್ಟಿರುವುದು ಬೇಸರದ ಸಂಗತಿ.

ಲಸಿಕೆಯಲ್ಲಿ ವೈರಾಣು ಇರುವುದಿಲ್ಲ. ಅದರ ಹೊರಮೈಯ ಒಂದು ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ಬಳಸುತ್ತಾರೆ. ಆದ್ದರಿಂದ ಲಸಿಕೆಯಿಂದಲೇ ಕಾಮಾಲೆ ಬರುವುದು ಸಾಧ್ಯವಿಲ್ಲ. ತೋಳು ನೋವು, ಸಣ್ಣ ಜ್ವರ ಬರಬಹುದು. ಹಿಂದಿನ ಡೋಸ್‌ಗೆ ಅಥವಾ ಯೀಸ್ಟ್‌ಗೆ ತೀವ್ರ ಅಲರ್ಜಿ ಆಗಿದ್ದವರು ವೈದ್ಯರಿಗೆ ಮೊದಲೇ ಹೇಳಬೇಕು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಇದು ದೇಶದಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಹಲವರಿಗೆ ಲಸಿಕೆ ಸಿಕ್ಕಿರಲಿಕ್ಕಿಲ್ಲ. ಮನೆಯಲ್ಲಿರುವ ತಾಯಿ ಕಾರ್ಡನ್ನು ತೆಗೆದು ನೋಡಿ. ಬಿಟ್ಟುಹೋಗಿದ್ದರೆ ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ನಡುವೆ ತಡವಾದರೂ ಮತ್ತೆ ಮೊದಲಿನಿಂದ ಆರಂಭಿಸಬೇಕಿಲ್ಲ.