ಆ ನಂಬರಿಗೆ ಇನ್ನೂ ಫೋನ್ ಹೋಗುತ್ತಿದೆ

ಹೋದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಕೂತಿದ್ದೆ. ವಾಟ್ಸ್ಆಪ್‌ನಲ್ಲಿ ಒಂದು ಮೆಸೇಜ್ ಬಂತು. 'ತುರ್ತು. ಓ ನೆಗೆಟಿವ್ ರಕ್ತ ಬೇಕು. ಹಾಸನ.' ರೋಗಿಯ ಹೆಸರು, ವಯಸ್ಸು, ಕಾಯಿಲೆ, ಮಗನ ಫೋನ್ ನಂಬರ್ ಎಲ್ಲಾ ಇತ್ತು. ಕೆಳಗೆ ನಮ್ಮದೇ ರಕ್ತದಾನಿಗಳ ಸಂಘದ ಲಾಂಛನ. ನನ್ನದೂ ಓ ನೆಗೆಟಿವ್. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹೊರಟೇ ಬಿಡೋಣ ಅಂತ ಚಪ್ಪಲಿ ಮೆಟ್ಟಿಕೊಂಡೆ. ಯಾವುದಕ್ಕೂ ಒಂದು ಮಾತು ಕೇಳೋಣ ಎಂದು ಆ ನಂಬರಿಗೆ ಫೋನ್ ಮಾಡಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಮ್ಮ ತೀರಿಕೊಂಡು ಎರಡು ವರ್ಷ ಆಯ್ತು ಸಾರ್. ಈ ವಾರ ನೀವು ನಾಲ್ಕನೆಯವರು" ಅಂದರು. ಬೈಯಲಿಲ್ಲ. "ನೀವು ಒಳ್ಳೇ ಮನಸ್ಸಿಂದಲೇ ಕೇಳಿದ್ದೀರಿ, ಬಿಡಿ" ಅಂತ ಅವರೇ ನನಗೆ ಸಮಾಧಾನ ಹೇಳಿದರು. ನಮ್ಮ ಘಟಕದ ಪುಟ ತೆಗೆದು ಹುಡುಕಿದೆ. ಎರಡು ವರ್ಷದ ಹಿಂದೆ ಅದನ್ನು ಹಾಕಿದ್ದು ನಾನೇ. ತಾರೀಖು ಬರೆದಿರಲಿಲ್ಲ.

ಈಗ ಇದನ್ನು ಹೇಳುವುದಕ್ಕೆ ಕಾರಣ ಇದೆ. ನಮ್ಮ ಜಿಲ್ಲಾ ಸಮಿತಿ ಎಂಟೂ ತಾಲ್ಲೂಕು ಘಟಕಗಳಿಗೆ ಒಂದು ಕರಡು ಕಳಿಸಿದೆ. ಫೇಸ್‌ಬುಕ್ ಪುಟ, ವಾಟ್ಸ್ಆಪ್ ಗ್ರೂಪ್, ವೆಬ್‌ಸೈಟ್ ಹೇಗೆ ನಡೆಸಬೇಕು ಅಂತ. ಬಂದ ದಿನದಿಂದ ಗಲಾಟೆ. "ಬಿಸಿಲಲ್ಲಿ ನಿಂತು ಶಿಬಿರ ಮಾಡೋರು ನಾವು. ಒಂದು ಪೋಸ್ಟ್ ಹಾಕೋಕೂ ಹಾಸನದವರ ಅಪ್ಪಣೆ ಬೇಕಾ?" ಅಂತ ನಮ್ಮ ಕಡೆಯವರು ಸಿಟ್ಟಾಗಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಿಯಮ ಬೇಕೇ ಬೇಕು ಅನ್ನುವ ಕಡೆ ನಾನಿದ್ದೇನೆ. ಸಂಘದ ಹೆಸರಿನಲ್ಲಿ ಹಾಕಿದ್ದಕ್ಕೆ ಜನ ಸಂಘವನ್ನು ನಂಬಿ ಎದ್ದು ಬರುತ್ತಾರೆ. ಹಾಕಿದವರು ಯಾರು ಅಂತ ಯಾರೂ ನೋಡುವುದಿಲ್ಲ.

ನನ್ನ ಪ್ರಕಾರ ಮೊದಲ ನಿಯಮ ಇದಾಗಬೇಕು: ರಕ್ತ ಕೇಳುವ ಪ್ರತಿ ಪೋಸ್ಟಿಗೂ ತಾರೀಖು ಮತ್ತು ಎಷ್ಟು ಹೊತ್ತಿನವರೆಗೆ ಬೇಕು ಅನ್ನುವುದು ಇರಲೇಬೇಕು. ಗುಂಪು ಯಾವುದು, ಎಷ್ಟು ಯೂನಿಟ್, ಯಾವ ಆಸ್ಪತ್ರೆ, ಇಷ್ಟು ಸಾಕು. ರೋಗಿಯ ಹೆಸರು, ಕಾಯಿಲೆ, ಮಂಚದ ಮೇಲೆ ಮಲಗಿರುವ ಫೋಟೋ ಯಾಕೆ? ಓ ನೆಗೆಟಿವ್ ಇರುವವನಿಗೆ ಅದು ಬೇಕಾಗಿಲ್ಲ. ಫೋನ್ ನಂಬರ್ ಮನೆಯವರದ್ದಲ್ಲ, ಘಟಕದ್ದು ಇರಲಿ. ರಕ್ತ ಸಿಕ್ಕ ಮೇಲೆ ಅದೇ ಪೋಸ್ಟಿನಲ್ಲಿ 'ಸಿಕ್ಕಿದೆ' ಅಂತ ಬರೆದು, ಎರಡು ದಿನ ಬಿಟ್ಟು ಅಳಿಸಬೇಕು. ಹಾಕುವುದಕ್ಕೆ ನಮ್ಮಲ್ಲಿ ಹತ್ತು ಜನ ಇದ್ದಾರೆ, ತೆಗೆಯುವುದಕ್ಕೆ ಒಬ್ಬರೂ ಇಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಥಲಸ್ಸೀಮಿಯಾ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕಾಗುತ್ತದೆ. ಪ್ರತಿ ಸಲವೂ ಆ ಮಗುವಿನ ಮುಖ ಊರಿಗೆಲ್ಲ ತೋರಿಸಿದರೆ, ನಾಳೆ ಅದು ಹೈಸ್ಕೂಲಿಗೆ ಹೋದಾಗ ಆ ಫೋಟೋಗಳು ಎಲ್ಲಿಗೆ ಹೋಗುತ್ತವೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಅಂತಲೇ ಲೆಕ್ಕ ಹಾಕುತ್ತದೆ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ನಾವು ಕೇಳಬೇಕಿತ್ತು, ಅಲ್ವಾ?

ಇನ್ನು ಪುಟ ಯಾರದ್ದು ಅನ್ನುವ ಪ್ರಶ್ನೆ. ಪಕ್ಕದ ಒಂದು ತಾಲ್ಲೂಕಿನಲ್ಲಿ ಪುಟ ಶುರು ಮಾಡಿದ ಹುಡುಗ ತುಂಬಾ ಚುರುಕು. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಪುಟವೂ ಅವನ ಜೊತೆ ಹೋಯಿತು. ಈಗ ಅದರಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ, ಪಕ್ಷದ ಬ್ಯಾನರ್. ಜನ ಅದನ್ನು ಇವತ್ತಿಗೂ ನಮ್ಮದೇ ಅಂದುಕೊಂಡಿದ್ದಾರೆ. ಜಗಳ ಮಾಡುವುದು ಬೇಡ, ಆ ಹುಡುಗ ಕೆಟ್ಟವನಲ್ಲ. ಬಿಟ್ಟುಕೊಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಫೇಸ್‌ಬುಕ್ ಪುಟಕ್ಕೆ ಒಬ್ಬರಿಗಿಂತ ಜಾಸ್ತಿ ಅಡ್ಮಿನ್ ಇರಬಹುದು. ಒಬ್ಬೊಬ್ಬರೂ ಅವರವರ ಖಾತೆಯಿಂದಲೇ ಒಳಗೆ ಬರುತ್ತಾರೆ, ಪಾಸ್‌ವರ್ಡ್ ಹಂಚಿಕೊಳ್ಳಬೇಕಾಗಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಜಿಲ್ಲಾ ಸಮಿತಿಯಿಂದ ಒಬ್ಬರು, ಮೂವರು ಇರಲಿ. ಪದಾಧಿಕಾರಿ ಬದಲಾದ ದಿನವೇ ಲೆಕ್ಕದ ಪುಸ್ತಕ, ಸೀಲಿನ ಜೊತೆ ಇದನ್ನೂ ಒಪ್ಪಿಸಿಕೊಡಬೇಕು.

ವೆಬ್‌ಸೈಟಿನ ಕಥೆಯೂ ಅದೇ. ನಮ್ಮ ಡೊಮೇನ್‌ಗೆ, ಅಂದರೆ ವೆಬ್‌ಸೈಟಿನ ವಿಳಾಸಕ್ಕೆ, ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು. ಜ್ಞಾಪನದ ಮೇಲ್ ಹಳೇ ಕಾರ್ಯದರ್ಶಿಗೆ ಹೋಯಿತು, ಓಟಿಪಿ ಅವರು ಬಿಟ್ಟುಬಿಟ್ಟ ಸಿಮ್ಮಿಗೆ ಹೋಯಿತು. ಅವಧಿ ಮುಗಿಯಿತು. ಆಮೇಲೆ ಆ ವಿಳಾಸದಲ್ಲಿ ಬೆಟ್ಟಿಂಗ್ ಜಾಹೀರಾತು ಬರತೊಡಗಿತು. ನಾವು ಹಂಚಿದ್ದ ಕರಪತ್ರಗಳಲ್ಲೆಲ್ಲ ಅದೇ ವಿಳಾಸ ಅಚ್ಚಾಗಿತ್ತು.

ಇನ್ನೊಂದು, ತಪ್ಪು ಆರೋಗ್ಯ ಸಲಹೆ. ಒಂದು ಪುಟದಲ್ಲಿ 'ತಿಂಗಳಿಗೊಮ್ಮೆ ರಕ್ತ ಕೊಡಿ' ಅಂತ ದೊಡ್ಡದಾಗಿ ಹಾಕಿದ್ದರು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಬೇಕು. ಹಿಮೋಗ್ಲೋಬಿನ್ 12.5 ಇರಬೇಕು, ತೂಕ ಕನಿಷ್ಠ 45 ಕೆಜಿ. ಇಂಥದ್ದನ್ನು ರಕ್ತನಿಧಿಯ ವೈದ್ಯರಿಗೆ ತೋರಿಸದೆ ಹಾಕಬಾರದು. ಇದರಲ್ಲಿ ನಾನು ರಾಜಿಗೆ ತಯಾರಿಲ್ಲ.

ಆದರೆ ಕರಡಿನ ಒಂದು ಸಾಲನ್ನು ನಾನು ಒಪ್ಪುವುದಿಲ್ಲ. 'ಪ್ರತಿಯೊಂದು ಪೋಸ್ಟಿಗೂ 24 ಗಂಟೆ ಮುಂಚೆ ಜಿಲ್ಲಾ ಸಮಿತಿಯ ಅನುಮತಿ.' ಹೆರಿಗೆಯಲ್ಲಿ ರಕ್ತಸ್ರಾವ ಆದ ಹೆಣ್ಣುಮಗಳು 24 ಗಂಟೆ ಕಾಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಸಿಕ್ಕ ಎರಡು ನಿಮಿಷದಲ್ಲಿ ಮೆಸೇಜ್ ಕಳಿಸಬೇಕು. ಶಿಬಿರದ ಪ್ರಚಾರಕ್ಕೆ ಬೇಕಾದರೆ ಕೇಳೋಣ. ತುರ್ತು ಕರೆಗೆ ಅನುಮತಿ ಬೇಡ, ನಮೂನೆ ಕೊಡಿ, ಸಾಕು.

ಹಾಗೇ ಜೂನ್ 14ರ ವಿಶ್ವ ರಕ್ತದಾನಿಗಳ ದಿನಕ್ಕೆ ಎಂಟೂ ಘಟಕ ಒಂದೇ ಪೋಸ್ಟರ್ ಹಾಕಬೇಕು ಅನ್ನುವುದೂ ಬೇಡ. ಅರಸೀಕೆರೆಯವರು ಅವರ ರೀತಿಯಲ್ಲಿ ಕರೆಯಲಿ, ಅರಕಲಗೂಡಿನವರು ಅವರ ರೀತಿಯಲ್ಲಿ. ಪೋಸ್ಟರಿನ ಜೊತೆ ವಿಷಯವನ್ನು ಕನ್ನಡ ಯುನಿಕೋಡ್‌ನಲ್ಲಿ, ಅಂದರೆ ಫೋನಿನ ಮಾಮೂಲಿ ಅಕ್ಷರದಲ್ಲಿ, ಟೈಪ್ ಮಾಡಿಯೂ ಹಾಕಬೇಕು ಅಂತ ಮಾತ್ರ ಸೇರಿಸಿ. ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದೂ ಇಲ್ಲ.

ಭಾನುವಾರ ಹಾಸನದಲ್ಲಿ ಸಭೆ ಇದೆ. ಅಷ್ಟರೊಳಗೆ ನಮ್ಮ ಪುಟದ ಹಳೇ ಕರೆಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದೇನೆ. ಆ ತಾಯಿಯದ್ದನ್ನು ಮೊದಲು ತೆಗೆದೆ. ಆದರೆ ಅದರ ಚಿತ್ರ ಇನ್ನೂ ಎಷ್ಟೋ ಗ್ರೂಪುಗಳಲ್ಲಿ ಓಡಾಡುತ್ತಿದೆ. 'ಓ ನೆಗೆಟಿವ್, ಹಾಸನ, ತುರ್ತು' ಅಂತ ನಮ್ಮ ಲಾಂಛನದ ಜೊತೆ, ತಾರೀಖಿಲ್ಲದೆ ಬಂದರೆ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆ ನಂಬರಿಗೆ ಫೋನ್ ಮಾಡಲೂಬೇಡಿ. ನನಗೆ ಹೇಳಿ.