ಹುಣಸೆಹಣ್ಣು ಹಾಕಿ ತಿಕ್ಕಿದ ಗುಂಡುಗಳು

ನಿನ್ನೆ ಮಂಡ್ಯದಲ್ಲಿ ಪರಿಚಿತರೊಬ್ಬರು ಉಪ್ಪಿನಕಾಯಿ ಜಾಡಿಯೊಂದನ್ನು ತಂದು ಮೇಜಿನ ಮೇಲೆ ಬೋರಲು ಹಾಕಿದರು. ಉರುಳಿದ್ದು ಶ್ರೀರಂಗಪಟ್ಟಣದ ಸುತ್ತಮುತ್ತ ಮೆಟಲ್ ಡಿಟೆಕ್ಟರ್ ಹಿಡಿದು ಆಯ್ದ, ಟಿಪ್ಪು ಕಾಲದ ಯುದ್ಧಗಳ ಸೀಸದ ಕೋವಿಗುಂಡುಗಳು. "ಹುಣಸೆಹಣ್ಣು ಹಾಕಿ ತಿಕ್ಕಿದೀನಿ ಸಾರ್, ಹೆಂಗೆ ಮಿಂಚ್ತಾವೆ ನೋಡಿ" ಎಂದರು. ಹಳೆಯ ರಣಭೂಮಿಗಳ ಗುಂಡುಗಳ ಬಗ್ಗೆ ನನಗಿರುವ ಹುಚ್ಚನ್ನು ಬಲ್ಲ ಗೆಳೆಯರಿಗೆ ಆಗ ನನ್ನ ಮುಖ ಹೇಗಾಗಿರಬಹುದೆಂದು ವಿವರಿಸಬೇಕಾಗಿಲ್ಲ.

ಇನ್ನೂರು ವರ್ಷ ಮಣ್ಣಿನಲ್ಲಿದ್ದ ಸೀಸದ ಮೇಲೆ ಬೂದುಬಿಳುಪಿನ ಪೊರೆ ಕಟ್ಟಿಕೊಳ್ಳುತ್ತದೆ. ಅದು ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಕವಚ. ಅದನ್ನು ತಿಕ್ಕಿ ತೆಗೆದರೆ, ಎರಕದ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯೂ, ಹಾರುವಾಗ ನಳಿಗೆಯ ಒಳಮೈ ಒತ್ತಿದ ಗುರುತೂ ಮಸುಕಾಗುತ್ತವೆ. ಹುಣಸೆಹಣ್ಣು ಹಿತ್ತಾಳೆ ಚೊಂಬಿಗಿರಲಿ. (ತಿಕ್ಕಿದ್ದು ಅಡುಗೆಮನೆಯ ಪಾತ್ರೆಯಲ್ಲಂತೆ, ಸೀಸ ವಿಷವೆಂಬುದನ್ನೂ ನಾನೇ ಹೇಳಬೇಕಾಯಿತು.)

ಅವುಗಳಲ್ಲೊಂದು ಕಲ್ಲಿಗೆ ಬಡಿದು ಒಂದು ಬದಿ ರೊಟ್ಟಿಯಂತೆ ಹರಡಿತ್ತು, ಇನ್ನೊಂದು ಬದಿ ದುಂಡಗೇ ಉಳಿದಿತ್ತು. ತೂಗಿಸಿದೆ, 31 ಗ್ರಾಂಗೆ ಸ್ವಲ್ಪ ಹೆಚ್ಚು. ಆಕಾರ ಕೆಟ್ಟರೂ ತೂಕ ಅಷ್ಟಾಗಿ ಕೆಡುವುದಿಲ್ಲವಾದ್ದರಿಂದ, ಸೀಸದ ಸಾಂದ್ರತೆಯಿಂದ ಮೂಲ ವ್ಯಾಸವನ್ನು ಲೆಕ್ಕ ಹಾಕಬಹುದು: ಸುಮಾರು 17.5 ಮಿ.ಮೀ. ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ನಳಿಗೆ ಸುಮಾರು 19 ಮಿ.ಮೀ. ಅಗಲ, ಅದಕ್ಕೆ ಹಾಕುತ್ತಿದ್ದ ಗುಂಡಿನ ಅಳತೆ ಹೆಚ್ಚುಕಡಿಮೆ ಇದೇ. ಅದನ್ನು ಅಂಗೈಯಲ್ಲಿಟ್ಟುಕೊಂಡಾಗ ಜೇಬಿಗಿಳಿಸಿಕೊಳ್ಳುವ ಆಸೆ ನನಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಯಾವ ಹೊಲದಲ್ಲಿ ಸಿಕ್ಕಿತೆಂದು ಕೇಳಿದರೆ, "ಅರಕೆರೆ ಕಡೆ ಇರ್ಬೇಕು, ಇಲ್ಲಾ ಗಂಜಾಂ" ಎಂಬ ಉತ್ತರ! ಅರಕೆರೆಯಾದರೆ ಅದು 1791ರ ಮೇ 15ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ವಿರುದ್ಧ ಗೆದ್ದೂ, ದಿನಸಿಯಿಲ್ಲದೆ ಬೆಂಗಳೂರಿಗೆ ಹಿಂದಿರುಗಬೇಕಾಗಿ ಬಂದ ಕಾಳಗದ್ದಿರಬಹುದು. ಗಂಜಾಂ ಆದರೆ ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಹಾಕಿದ 1792ರ ಅಥವಾ 1799ರ ಮುತ್ತಿಗೆಯದ್ದಿರಬಹುದು. ಜಾಗ ಗೊತ್ತಿಲ್ಲದ ಮೇಲೆ ಎಷ್ಟು ಹೊಳೆದರೇನು? ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರ ಕಾಳ್ಗಿಚ್ಚು ಹುಲ್ಲನ್ನೆಲ್ಲ ಸುಟ್ಟ ಮೇಲೆ, ಪುರಾತತ್ವಜ್ಞರು ಇದೇ ಮೆಟಲ್ ಡಿಟೆಕ್ಟರ್ ಹಿಡಿದು ಪ್ರತಿ ಗುಂಡು, ಪ್ರತಿ ತೋಟಾ ಬಿದ್ದಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. 1876ರ ಆ ಕಾಳಗದಲ್ಲಿ ಯಾರು ಎಲ್ಲಿ ನಿಂತಿದ್ದರು, ಎತ್ತ ಸರಿದರು ಎಂಬುದು ಅದರಿಂದ ತಿಳಿಯಿತು. ಯಂತ್ರ ಒಂದೇ, ವ್ಯತ್ಯಾಸ ಒಂದು ನೋಟ್‌ಬುಕ್ಕಿನದು.

"ನಾವು ಆಯದಿದ್ದರೆ ಗುಜರಿಯವನು ಕರಗಿಸುತ್ತಿದ್ದ" ಎಂಬ ವಾದವೂ ಬಂತು. ಸರಿ ಸ್ವಾಮಿ, ಗುಜರಿಯವನು ಕರಗಿಸಿ ಕೆಡಿಸುತ್ತಾನೆ, ತಾವು ತಿಕ್ಕಿ ಕೆಡಿಸುತ್ತೀರಿ. ಅವನಿಗೆ ನಾಲ್ಕು ಕಾಸಾದರೂ ಸಿಗುತ್ತದೆ.

ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧವೆಂಬುದು ಎಲ್ಲರಿಗೂ ಗೊತ್ತಿದ್ದೇ ಇದೆ. ಹೊಲ ಉಳುವಾಗ ತಾನಾಗಿ ಗುಂಡು ಮೇಲೆ ಬಂದರೆ ಅದನ್ನು ತೊಳೆಯದೆ ಕಾಗದದಲ್ಲಿ ಸುತ್ತಿ, ಮೇಲೆ ಊರು, ಸರ್ವೆ ನಂಬರ್, ತಾರೀಖು ಬರೆದು, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಪಹಣಿಗೆಂದು ತಾಲ್ಲೂಕು ಕಚೇರಿಗೆ ಅಲೆದಾಡುವ ನಮಗೆ ನಮ್ಮ ಹೊಲದ ಸರ್ವೆ ನಂಬರ್ ಬಾಯಿಪಾಠವಾಗಿಯೇ ಇರುತ್ತದೆ.