ಬಿಡದ ನೋವಿಗೆ ಮಿದುಳಿನ ಕಡೆಯಿಂದ ಚಿಕಿತ್ಸೆ: ಪರ-ವಿರೋಧ

ಪರ

ಮೂರು ತಿಂಗಳು ದಾಟಿದ ಬೆನ್ನುನೋವಿಗೆ ಎಂಆರ್‌ಐ ಮಾಡಿಸಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನೋವೇ ಇಲ್ಲದ 20ರ ಹರೆಯದವರಲ್ಲೂ ಸುಮಾರು 37% ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. 80ರವರಲ್ಲಂತೂ 96%. ಹಾಗಿರುವಾಗ ತಪ್ಪನ್ನೆಲ್ಲ ಡಿಸ್ಕ್ ಮೇಲೆ ಹೊರಿಸುವುದು ಹೇಗೆ?

ಇಂಥ ನೋವಿರುವವರು ನೆಲಕ್ಕೆ ಬಿದ್ದ ಟವೆಲ್ ಎತ್ತುವುದನ್ನು ಗಮನಿಸಿ. ಬಗ್ಗುವ ಮೊದಲೇ ಉಸಿರು ಬಿಗಿಹಿಡಿಯುತ್ತಾರೆ. ಒಂದು ಕೈ ಸೊಂಟಕ್ಕೆ ಹೋಗುತ್ತದೆ, ಮುಖ ಕಿವುಚಿಕೊಳ್ಳುತ್ತದೆ. ಪೆಟ್ಟು ಎಂದೋ ವಾಸಿಯಾಗಿರಬಹುದು, ನರಮಂಡಲ ಮಾತ್ರ ಕಾವಲು ಬಿಟ್ಟಿರುವುದಿಲ್ಲ. ನೋವಿನ ಸಂದೇಶವನ್ನು ಬೆನ್ನುಹುರಿಯೇ ಹೆಚ್ಚು-ಕಡಿಮೆ ಮಾಡಬಲ್ಲದು, ಮಿದುಳಿನ ಮಾತೂ ಅಲ್ಲಿ ನಡೆಯುತ್ತದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಭಯ ಹೆಚ್ಚಿದಷ್ಟೂ ನೋವು ಜಾಸ್ತಿ.

ಥೆರಪಿಸ್ಟ್ ಜೊತೆ ಕೂತು ಆ ಭಯ ಬಿಡಿಸುವ ಚಿಕಿತ್ಸೆಯನ್ನು ಅಮೆರಿಕದ ಕೊಲರಾಡೊದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಒಟ್ಟು 151 ಜನ, ಮೂರು ಗುಂಪು, ನಾಲ್ಕು ವಾರ. ಚಿಕಿತ್ಸೆ ಪಡೆದವರಲ್ಲಿ 66% ಮಂದಿಗೆ ನೋವು ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಪ್ಲಸೀಬೊ (ಔಷಧಿಯೇ ಇಲ್ಲದ) ಇಂಜೆಕ್ಷನ್ ಗುಂಪಿನಲ್ಲಿ 20%. ಯಾವುದೋ ಮಾತ್ರೆ ಇಷ್ಟು ಕೆಲಸ ಮಾಡಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ, ಅಲ್ವಾ?

ವಿರೋಧ

ಆ 66% ಅನ್ನು ಸ್ವಲ್ಪ ಕೆದಕಿ ನೋಡಿ. ಇಂಜೆಕ್ಷನ್ ತೆಗೆದುಕೊಂಡವರಿಗೆ ಅದು ಬರೀ ಉಪ್ಪುನೀರು ಎಂದು ಮೊದಲೇ ಹೇಳಿದ್ದರು. ಆಚೆ ಗುಂಪಿಗೆ ಥೆರಪಿಸ್ಟ್ ಜೊತೆ ಎಂಟು ಗಂಟೆ. ಇಬ್ಬರ ನಿರೀಕ್ಷೆಯೂ ಒಂದೇ ಇರುತ್ತದೆಯೇ? ಬೆನ್ನಿಗಿಂತ ಕಾಲುನೋವೇ ಜಾಸ್ತಿ ಇದ್ದವರನ್ನು ಸೇರಿಸಿಕೊಳ್ಳಲೇ ಇಲ್ಲ. ಇನ್ನು ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಅಳೆದ 2020ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಸಂಸ್ಥೆ) ವಿಮರ್ಶೆಯ ಪ್ರಕಾರ, ಯೋಚನೆ-ನಡವಳಿಕೆ ಬದಲಿಸುವ ಇಂಥದ್ದೇ ಇನ್ನೊಂದು ಮಾತಿನ ಚಿಕಿತ್ಸೆಯಾದ ಸಿಬಿಟಿಯಿಂದ ಆಗುವ ಲಾಭ ಸಣ್ಣದು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಸಂಶೋಧಕರು ತೂಗಿ ಆಡಿದ ಮಾತು ಕ್ಲಿನಿಕ್ ತಲುಪುವಷ್ಟರಲ್ಲಿ "ಏನೂ ಇಲ್ಲ, ಎಲ್ಲ ನಿಮ್ಮ ಮನಸ್ಸಿನಲ್ಲೇ ಇರೋದು" ಎಂದಾಗಿಬಿಡುತ್ತದೆ. ಎಂಡೊಮೆಟ್ರಿಯೋಸಿಸ್ ಇರುವ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಇದನ್ನೇ ಕೇಳಿದ್ದಾರೆ. ಗರ್ಭಕೋಶದ ಹೊರಗೆ ಬೆಳೆದ ಅಂಗಾಂಶ ಉಸಿರಾಟದ ಅಭ್ಯಾಸಕ್ಕೆ ಕರಗುವುದಿಲ್ಲ. ಗುಣವಾಗದಿದ್ದರೆ ತಪ್ಪು ಮತ್ತೆ ರೋಗಿಯದ್ದೇ: "ನೀವು ಮನಸ್ಸಿಟ್ಟು ಮಾಡಲಿಲ್ಲ."

ಬೆನ್ನುನೋವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಏಳುವಾಗ ಬೆನ್ನು ಮರಗಟ್ಟಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಸುಮ್ನೆ ಮಲಗಿದರೆ ಕಡಿಮೆಯಾಗುವುದಿಲ್ಲ. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಉರಿಯೂತದ ಕಾಯಿಲೆ) ಇರಬಹುದು, ಅದಕ್ಕೆ ಬೇರೆಯದೇ ಔಷಧಿ ಇದೆ. ಇಂಥವರನ್ನು ಥೆರಪಿಸ್ಟ್ ಹತ್ತಿರ ಕಳಿಸುವ ಮೊದಲು ಕೀಲು-ಸಂಧಿವಾತದ ವೈದ್ಯರು ಒಮ್ಮೆ ನೋಡಿರಬೇಕು.